ಕಾಲುವೆಗೆ ತುಂಬಿದ ಉಡಿ

ಹೊಸದಾಗಿ ಎಂಜಿನಿಯರಿಂಗ್ ಮುಗಿಸಿ ಬಂದವರಿಗೆ ಕಂಪನಿಯವರು ತಲೆಗಿಂತ ದೊಡ್ಡದಾದ ಒಂದು ಹೆಲ್ಮೆಟ್ ಕೊಡುತ್ತಾರೆ, ಅದರ ಜೊತೆಗೆ ಬೇರೆ ಯಾರೂ ಒಪ್ಪದ ಒಂದು ಸೈಟ್ ಕೊಡುತ್ತಾರೆ. ನನಗೆ ಸಿಕ್ಕ ಸೈಟ್ ನಮ್ಮೂರಿನ ಕಾಲುವೆ. ಗುಲ್ಬರ್ಗಾದಲ್ಲಿ ಓದುವಾಗ ನಾನು ಕಂಡಿದ್ದ ಕನಸೇ ಬೇರೆಯಿತ್ತು. ತಣ್ಣನೆಯ ಕಂಟ್ರೋಲ್ ರೂಮು, ಗೋಡೆಯ ತುಂಬ ಪರದೆಗಳು, ಕಾಲಿಗೆ ಕಪ್ಪು ಬೂಟು, ಊರಿಂದ ಆದಷ್ಟು ದೂರ. ಜೊತೆಗೆ ಓದಿದವರು ಸಿಮೆಂಟು ಕಾರ್ಖಾನೆ, ಉಕ್ಕಿನ ಕಾರ್ಖಾನೆ ಎಂದು ಹೋದರು. ನನ್ನನ್ನು ಹೈದರಾಬಾದಿನ ಒಂದು ಸಣ್ಣ ಕಂಪನಿ ತೆಗೆದುಕೊಂಡಿತು. ಶಹಾಪುರದ ಸುತ್ತಮುತ್ತ ಕಾಲುವೆಯ ಗೇಟುಗಳು ಆಳಿಲ್ಲದೆ ತಾವೇ ಏರಿ ಇಳಿಯುವಂತೆ ಮಾಡುವ ಗುತ್ತಿಗೆ ಅವರಿಗೆ ಸಿಕ್ಕಿತ್ತು. ನಾನು ದೋರನಹಳ್ಳಿಯವಳು, ಇರಲು ರೂಮು ಕೊಡಬೇಕಾಗಿಲ್ಲ, ಊಟ ಕೊಡಬೇಕಾಗಿಲ್ಲ. ನನ್ನ ಅಂಕಗಳಿಗಿಂತ ಈ ಸೌಕರ್ಯವೇ ಅವರಿಗೆ ಹಿಡಿಸಿತ್ತೆಂದು ನನಗೆ ಸಂದರ್ಶನದಲ್ಲೇ ಗೊತ್ತಾಗಿತ್ತು. ಸಿಟ್ಟು ಬಂತು. ಆದರೂ ಕೆಲಸ ಬಿಡುವ ಧೈರ್ಯವಿರಲಿಲ್ಲ.

ಆ ಕೆಲಸವೂ ಸುಮ್ಮನೆ ಸಿಕ್ಕಿದ್ದಲ್ಲ. ಅಪ್ಪ ಯಾದಗಿರಿಯ ಒಂದು ಕಚೇರಿಯಲ್ಲಿ ಜವಾನ. ದಿನಾ ಬಸ್ಸಿಗೆ ಹೋಗಿ ಬಸ್ಸಿಗೆ ಬರುತ್ತಿದ್ದ. ಮಗಳು ಪರೀಕ್ಷೆ ಬರೆದು ಸರ್ಕಾರಿ ಕುರ್ಚಿಯ ಮೇಲೆ ಕೂಡಬೇಕು, ತಾನು ಇಷ್ಟು ವರ್ಷ ಚಹಾ ಕೊಟ್ಟ ಕುರ್ಚಿಯಂಥದ್ದೇ ಕುರ್ಚಿಯಾಗಬೇಕು ಎಂಬುದು ಅವನ ಹಟ.

"ಗಂಡಸರ ನಡಕ ಕಾಲುವಿ ದಂಡಿ ಮ್ಯಾಲ ಹೆಲ್ಮೆಟ್ ಹಾಕ್ಕೊಂಡು ತಿರುಗಾಕೇನು ನಿನ್ನ ಓದ್ಸಿದ್ದು?" ಅಂದ.

ಆಗ ನನ್ನ ಪರ ಮಾತಾಡಿದವಳು ಅವ್ವ ಒಬ್ಬಳೇ. "ಆಕಿ ಕಲತದ್ದು ಅದನ್ನ. ಕಲತದ್ದು ಮಾಡ್ಲಿ ಬಿಡು," ಅಂದಳು. ಅವ್ವ ಜೀವನದಲ್ಲಿ ಅಪ್ಪನಿಗೆ ಎದುರು ಮಾತಾಡಿದ್ದು ಕಡಿಮೆ. ಅಂದು ಮಾತಾಡಿದಳು, ಅಪ್ಪ ಸೋತ.

ನಮ್ಮ ಮನೆಯ ಇನ್ನೊಂದು ಸಂಗತಿಯನ್ನೂ ಇಲ್ಲೇ ಹೇಳಬೇಕು. ಅಪ್ಪ ಹರೆಯದಲ್ಲೇ ಬುದ್ಧನ ದಾರಿ ಹಿಡಿದವನು. ನಾನು ಹುಟ್ಟುವ ಮೊದಲೇ ಗೂಡಿನಲ್ಲಿದ್ದ ದೇವರನ್ನೆಲ್ಲ ತೆಗೆದು ಬುದ್ಧನ ಪಟವೊಂದನ್ನೇ ಇಟ್ಟಿದ್ದ. ಹರಕೆ, ಉಡಿ, ಮಡಿ, ಯಾವುದೂ ಮನೆಯಲ್ಲಿ ನಡೆಯಬಾರದು. "ಯಾವ ದೇವರು ನಮ್ಮನ್ನ ಒಳಗ ಕರದದ ಹೇಳ್ರಿ," ಎಂದು ಕೇಳುತ್ತಿದ್ದ. ಅವ್ವ ಹೂಂ ಅನ್ನುತ್ತಿದ್ದಳು. ಅವ್ವನ ಹೂಂ ಬರೀ ಬಾಯಿಯದ್ದು ಎಂದು ನಮ್ಮ ಓಣಿಗೆಲ್ಲ ಗೊತ್ತಿತ್ತು. ಜೋಳದ ಡಬ್ಬಿಯ ತಳದಲ್ಲಿ ಅರಿಷಿಣ ಕುಂಕುಮ ಇರುತ್ತಿದ್ದವು. ನನ್ನ ಪರೀಕ್ಷೆಗೊಮ್ಮೆ, ತಮ್ಮನ ಜ್ವರಕ್ಕೊಮ್ಮೆ, ಹೊಲದ ಕೆಲಸಕ್ಕೆ ಹೋದಾಗ ದಾರಿಯಲ್ಲಿ ಸಿಗುವ ಯಾವುದೋ ಕಲ್ಲಿಗೆ ಕದ್ದು ಉಡಿ ತುಂಬಿ ಬರುತ್ತಿದ್ದಳು. ನನಗೆ ಇಬ್ಬರ ಮೇಲೂ ನಗು ಬರುತ್ತಿತ್ತು. ಅಪ್ಪನ ಕಣ್ಣಿಗೆ ಬಿದ್ದರೆ ಏನಾದೀತು ಎಂಬ ಹೆದರಿಕೆ ಮಾತ್ರ ನಗುವ ವಿಷಯವಾಗಿರಲಿಲ್ಲ. ಒಮ್ಮೆ ಹೀಗೆಯೇ ಸಿಕ್ಕಿಬಿದ್ದಾಗ ಅಪ್ಪ ಅವ್ವನ ಜೊತೆ ಮಾತು ಬಿಟ್ಟಿದ್ದ. ಮನೆ ಮನೆಯಂತಿರಲಿಲ್ಲ. ಆ ಮೌನ ಮುರಿಯಲು ನನ್ನ ಸೋದರಮಾವ ಸುರಪುರದಿಂದ ಬರಬೇಕಾಯಿತು.

ಇನ್ನು ನನ್ನ ಕೆಲಸದ ಮಾತು. ಗೇಟಿನ ಪಕ್ಕ ಒಂದು ಸಣ್ಣ ಕೋಣೆ, ಕೋಣೆಯೊಳಗೆ ಒಂದು ಕಬ್ಬಿಣದ ಪೆಟ್ಟಿಗೆ. ಗೇಟಿಗೆ ಏರು, ಇಳಿ ಎಂದು ಆಜ್ಞೆ ಕೊಡುವುದು ಆ ಪೆಟ್ಟಿಗೆ. ಅದಕ್ಕೆ ಕಣ್ಣಿಲ್ಲ. ಗೇಟಿನಾಚೆ ನೀರು ಎಷ್ಟಿದೆ ಎಂದು ಅದಕ್ಕೆ ಯಾರಾದರೂ ಹೇಳಬೇಕು. ಅದಕ್ಕಾಗಿ ಕಾಲುವೆಯ ದಂಡೆಯಲ್ಲಿ ಸಿಮೆಂಟಿನ ಉಂಗುರಗಳನ್ನು ಇಳಿಸಿ ಒಂದು ಇಕ್ಕಟ್ಟಿನ ಬಾವಿ ಮಾಡಿದ್ದೆವು. ತಳದಲ್ಲಿ ಒಂದು ಪೈಪಿನಿಂದ ಕಾಲುವೆಯ ನೀರು ಆ ಬಾವಿಗೂ ಬರುತ್ತಿತ್ತು. ಬಾವಿಯಲ್ಲಿ ಒಂದು ಫ್ಲೋಟ್, ಅಂದರೆ ತೇಲುವ ಬುರುಡೆ. ನೀರು ಏರಿದರೆ ಬುರುಡೆ ಏರುತ್ತದೆ, ಇಳಿದರೆ ಇಳಿಯುತ್ತದೆ. ಬುರುಡೆ ಹೇಳಿದ್ದನ್ನು ಪೆಟ್ಟಿಗೆ ನಂಬುತ್ತದೆ. ನೀರು ಹೆಚ್ಚಾಯಿತೆಂದು ಬುರುಡೆ ಹೇಳಿದರೆ ಪೆಟ್ಟಿಗೆ ಗೇಟನ್ನು ಇಳಿಸುತ್ತದೆ, ಕಡಿಮೆಯಾಯಿತೆಂದರೆ ಎತ್ತುತ್ತದೆ. ನಾಲ್ಕು ವರ್ಷದ ಓದೆಲ್ಲ ಇಷ್ಟೇ. ಬಾವಿಗೆ ಹಾಕಬೇಕಾದ ಕಬ್ಬಿಣದ ಮುಚ್ಚಳ ಮಾತ್ರ ಹೈದರಾಬಾದಿನಿಂದ ಬಂದಿರಲಿಲ್ಲ. ಬರುತ್ತದೆ ಬರುತ್ತದೆ ಎಂದು ನಮ್ಮ ಸೈಟಿನ ಯಜಮಾನರು ಹೇಳುತ್ತಲೇ ಇದ್ದರು. ಅವರು ಹೈದರಾಬಾದಿನವರು, ಅರೆಬರೆ ಕನ್ನಡ, ಒಳ್ಳೆಯ ಮನುಷ್ಯ, ಆದರೆ ಮೇಲಿನವರು ಕೆಮ್ಮಿದರೂ ಹೆದರುವವರು.

ಗೇಟು ಕಾಯಲು ಮೊದಲಿನಿಂದಲೂ ಒಬ್ಬ ಇದ್ದ. ಕಾಲುವೆ ಬಂದ ಕಾಲದಿಂದ ದಿನಗೂಲಿಯ ಮೇಲೆ ದೊಡ್ಡ ಗಾಲಿ ತಿರುಗಿಸಿ ಗೇಟು ಎತ್ತುವುದು, ಇಳಿಸುವುದು, ಕಸ ತೆಗೆಯುವುದು ಅವನ ಕೆಲಸ. ಅವನನ್ನು ಇಷ್ಟಪಡುವುದು ಸುಲಭವಿರಲಿಲ್ಲ. ಬಾಯಿ ತುಂಬ ಎಲೆ ಅಡಿಕೆ, ಮೈ ತುಂಬ ಸೋಮಾರಿತನ. ನಾನು ಹೋದ ಮೊದಲ ದಿನವೇ, "ಯಾ ಊರ್ರಿ ಬಾಯಾರ?" ಅಂದ. ಹೇಳಿದೆ. "ಯಾ ಓಣಿ?" ಅಂದ. ಅದನ್ನೂ ಹೇಳಿದೆ. ಆಮೇಲೆ ಬಾಯಾರ ಎಂಬ ಮರ್ಯಾದೆಯ ಮಾತನ್ನು ಬಿಡಲಿಲ್ಲ, ಆದರೆ ಮಾತು ಕಡಿಮೆ ಮಾಡಿದ, ನಿಲ್ಲುವಾಗ ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲತೊಡಗಿದ. ಇಂಥದ್ದು ನನಗೆ ಹೊಸದಲ್ಲ. ಕಾಲೇಜಿನಲ್ಲಿ ನಾಲ್ಕು ವರ್ಷ ಯಾರೂ ಓಣಿ ಕೇಳಿರಲಿಲ್ಲವೆಂದು ಮರೆತಿದ್ದೆ, ಅಷ್ಟೇ. ಗೇಟು ತಾನೇ ನಡೆಯುವಂತಾದರೆ ತನ್ನ ಕೂಳು ಹೋಗುತ್ತದೆ ಎಂಬ ಸಿಟ್ಟೂ ಅವನಿಗಿತ್ತು. ಅದರಲ್ಲಿ ತಪ್ಪೇನಿಲ್ಲ. ಯಂತ್ರ ಬಂದರೂ ಕಾವಲಿಗೆ ಒಬ್ಬ ಬೇಕೇ ಬೇಕೆಂದು ಸಾಹೇಬರು ಮಾತು ಕೊಟ್ಟ ಮೇಲೆಯೇ ಅವನು ನಮಗೆ ಕೋಣೆಯ ಬಾಗಿಲು ತೆಗೆದದ್ದು. ಸಾಹೇಬರೆಂದರೆ ಆ ಭಾಗದ ಕಾಲುವೆ ನೋಡಿಕೊಳ್ಳುವ ಅಧಿಕಾರಿ.

ಮಳೆಗಾಲ ಶುರುವಾಗಿ, ಮೇಲಿನಿಂದ ನೀರು ಬಿಡುವ ದಿನ ಬಂತು. ಅದು ನಮ್ಮ ಕಡೆ ಹಬ್ಬಕ್ಕಿಂತ ಹೆಚ್ಚು. ಒಣಗಿದ ಕಾಲುವೆಯಲ್ಲಿ ಮೊದಲ ಕೆಂಪು ನೀರು ನೊರೆ, ಕಡ್ಡಿ, ಚಪ್ಪಲಿ ಎಲ್ಲವನ್ನೂ ತಳ್ಳಿಕೊಂಡು ಬರುವಾಗ ದಂಡೆಯ ಮೇಲೆ ಜನ ಕೇಕೆ ಹಾಕುತ್ತಾರೆ. ಗೇಟಿನ ಬಳಿ ನೀರಿಗಿಳಿಯುವ ಮೆಟ್ಟಿಲುಗಳಿವೆ. ಹೊಲಮನೆಯವರ ಹೆಣ್ಣುಮಕ್ಕಳು ರೇಶಿಮೆ ಸೀರೆ ಉಟ್ಟು ಆ ಮೆಟ್ಟಿಲ ಮೇಲೆ ನಿಂತು ಗಂಗಮ್ಮನಿಗೆ ಉಡಿ ತುಂಬುತ್ತಾರೆ. ಉಡಿ ಎಂದರೆ ಒಂದು ಕಣ, ಕುಪ್ಪಸಕ್ಕೆಂದು ಕತ್ತರಿಸಿದ ಬಟ್ಟೆ, ಅದರೊಳಗೆ ಅಕ್ಕಿ, ಕಾಯಿ, ಉತ್ತತ್ತಿ, ಅರಿಷಿಣದ ಬೇರು, ಹಸಿರು ಬಳೆ. ಗಂಟು ಕಟ್ಟಿ ನೀರಿಗೆ ಬಿಡುತ್ತಾರೆ.

ಆ ವರ್ಷ ನಾವೂ ಒಂದು ಪೂಜೆ ಮಾಡಿದೆವು. ನಮ್ಮ ಯಜಮಾನರು ಹೊಸ ಪೆಟ್ಟಿಗೆಗೆ ಹಾರ ಹಾಕಿದರು. ಹಾರ ಇನ್ನೊಂದು ಉಳಿದಿತ್ತು, ಅದನ್ನು ಫ್ಲೋಟಿನ ಬಾವಿಯ ಸಿಮೆಂಟು ಉಂಗುರಕ್ಕೆ ಸುತ್ತಿ, ಅಲ್ಲೇ ಒಂದು ಕಾಯಿ ಒಡೆದು, ಕುಂಕುಮ ಹಚ್ಚಿ, ಊದುಬತ್ತಿ ಚುಚ್ಚಿದರು. ಸಾಹೇಬರು ಕೈ ಮುಗಿದರು. ನಾನು ಹೆಲ್ಮೆಟ್ ಹಾಕಿಕೊಂಡು ಸಾಹೇಬರ ಪಕ್ಕ ನಿಂತಿದ್ದೆ. ಗುಂಡಿ ಒತ್ತುವ ಕೆಲಸ ನನ್ನದು. ಒತ್ತಿದೆ, ಗೇಟು ಗುಂಯ್ ಎಂದು ಎದ್ದಿತು, ಜನ ಚಪ್ಪಾಳೆ ತಟ್ಟಿದರು. ಹೊಟ್ಟೆ ತುಂಬ ಹಿಗ್ಗಿದೆ, ಸುಳ್ಳು ಯಾಕೆ. ಅವ್ವ ಬಂದಿದ್ದಾಳೆಂದು ಗೊತ್ತಿತ್ತು. ಆ ಗದ್ದಲದಲ್ಲಿ ಎಲ್ಲಿದ್ದಳೋ ಕಾಣಲಿಲ್ಲ.

ಒಂದೆರಡು ದಿನ ಎಲ್ಲ ಚೆನ್ನಾಗಿಯೇ ನಡೆಯಿತು. ಆಮೇಲೆ ಗೇಟು ಇಳಿಯತೊಡಗಿತು. ಬೆಳಿಗ್ಗೆ ನೋಡಿದಾಗ ಸ್ವಲ್ಪ, ಸಂಜೆಗೆ ಇನ್ನಷ್ಟು, ಕೊನೆಗೆ ಪೂರ್ತಿ ಕೂತುಬಿಟ್ಟಿತು. ಪೆಟ್ಟಿಗೆಯ ಮೇಲೆ ನೋಡಿದರೆ ಗೇಟಿನಾಚೆ ನೀರು ತುಂಬಿ ತುಳುಕುತ್ತಿದೆ ಎಂದಿತ್ತು. ಮೇಲಿನ ಗೇಟಿನವರೂ ನೀರು ಹೆಚ್ಚು ಬಿಟ್ಟಿದ್ದೇವೆಂದು ಫೋನಿನಲ್ಲಿ ಹೇಳಿದ್ದರು. ಶಹಾಪುರದ ಆಫೀಸಿನಲ್ಲಿ ಕೂತು ಅದನ್ನೇ ನೋಡುತ್ತಿದ್ದ ನಾವು ಎಲ್ಲ ಸರಿಯಿದೆ ಎಂದುಕೊಂಡೆವು. ಕೆಳಗಿನ ಊರುಗಳ ರೈತರು ಬಂದು ಆಫೀಸಿನ ಮುಂದೆ ನಿಂತಾಗಲೇ ಗೊತ್ತಾದದ್ದು, ಅವರ ಕಡೆ ಕಾಲುವೆಯಲ್ಲಿ ಕಾಲು ತೊಯ್ಯುವಷ್ಟೂ ನೀರಿಲ್ಲ ಎಂದು. ಭತ್ತದ ಸಸಿ ಮಡಿ ಹಾಕಿ ಕೂತಿದ್ದವರು ಅವರು.

"ಗೇಟಿನವ ರೊಕ್ಕಾ ತಿಂದಾನ್ರೀ. ಮ್ಯಾಲಿನವರಿಗೆ ನೀರ ತಿರುಗ್ಸಿ ನಮ್ಮ ಗೇಟ ಇಳಿಸ್ಯಾನ," ಎಂದು ಒಬ್ಬ ಕೂಗಿದ. ಉಳಿದವರು ಅದನ್ನೇ ಹಿಡಿದರು.

ನಾವೆಲ್ಲ ಗೇಟಿನ ಬಳಿ ಹೋದೆವು. ಗೇಟಿನವನು ಕೋಣೆಯ ಗೋಡೆಗೆ ಒರಗಿ ನಿಂತಿದ್ದ. "ನಾ ಗಾಲಿ ಮುಟ್ಟಿಲ್ರಿ. ಅದು ತಾನ ಇಳದದ. ಎತ್ತಬೇಕಂದ್ರ ಪೆಟ್ಟಿಗಿ ಕೀಲಿ ಇವರ ಹತ್ತರ ಅದ," ಎಂದು ನನ್ನ ಕಡೆ ಕೈ ತೋರಿಸಿದ. ಯಾರೂ ಕೇಳಲಿಲ್ಲ. ಗೇಟು ತಾನೇ ಇಳಿಯುತ್ತದೆ ಎಂಬ ಮಾತನ್ನು ನಂಬುವವರು ಅಲ್ಲಿ ಯಾರಿದ್ದರು? ಮೂರು ಜನ ಅವನ ಅಂಗಿ ಹಿಡಿದರು. ಸಾಹೇಬರು ನಡುವೆ ಬಂದು, "ನೀ ಈಗ ಮನಿಗಿ ನಡಿ. ನಾಳೆ ಮುಂಜಾನಿ ಎಲ್ಲರ ಮುಂದ ತೀರ್ಮಾನ ಮಾಡ್ತೀನಿ. ತಪ್ಪು ನಿಂದಂತಾದ್ರ ಮತ್ತ ಈ ಕಡಿ ಬರಬ್ಯಾಡ," ಅಂದರು. ಅವನು ಟವೆಲು ಹೆಗಲಿಗೆ ಹಾಕಿಕೊಂಡು ಹೋದ. ರೈತರೂ ಬೈಯುತ್ತ ಚದುರಿದರು. ಯಜಮಾನರು ಫೋನು ಮಾಡಲು ಶಹಾಪುರಕ್ಕೆ ಹೊರಟರು, ನೀನು ನೋಡು ಎಂದರು.

ನೋಡಲು ನನಗೆ ಗೊತ್ತಿದ್ದದ್ದು ಪೆಟ್ಟಿಗೆಯನ್ನು. ತಂತಿ ನೋಡಿದೆ, ಆಜ್ಞೆಗಳನ್ನು ಓದಿದೆ, ಎಲ್ಲ ಸರಿ. ಕೊನೆಗೆ ಬುದ್ಧಿ ಬಂದು ಬಾವಿಯಲ್ಲಿ ಇಣುಕಿದೆ. ನೀರು ತಳದಲ್ಲಿತ್ತು. ಬುರುಡೆ ಮಾತ್ರ ಮೇಲೆ, ಗೋಡೆಗೆ ಅಂಟಿಕೊಂಡು ನೇತಾಡುತ್ತಿತ್ತು. ಮೊದಲೆರಡು ದಿನದ ತುಂಬು ನೀರಿನಲ್ಲಿ ಏರಿದ್ದು ಇಳಿಯದೆ ಅಲ್ಲೇ ಸಿಕ್ಕಿಕೊಂಡಿತ್ತು. ನೀರು ತುಂಬಿದೆ ತುಂಬಿದೆ ಎಂದು ಅದು ಹೇಳುತ್ತಿತ್ತು, ಪೆಟ್ಟಿಗೆ ನಂಬಿ ಗೇಟು ಇಳಿಸುತ್ತಿತ್ತು. ಉದ್ದನೆಯ ಕೊಕ್ಕೆ ತಂದು ಕೆದಕಿದೆ. ಬುರುಡೆಗೂ ಗೋಡೆಗೂ ನಡುವೆ ಒಂದು ತೆಂಗಿನಕಾಯಿ, ಅದರ ಸುತ್ತ ಬಟ್ಟೆ. ಎಳೆದೆ. ಬುರುಡೆ ದಬ್ಬೆಂದು ನೀರಿಗೆ ಬಿತ್ತು, ಕೋಣೆಯಲ್ಲಿ ಮೋಟಾರು ಗುಂಯ್ ಎಂದಿತು, ಗೇಟು ತಾನಾಗಿ ಏಳತೊಡಗಿತು. ನನ್ನ ಜೀವನದಲ್ಲಿ ನಾನೇ ಹುಡುಕಿ ನಾನೇ ಸರಿ ಮಾಡಿದ ಮೊದಲ ದೋಷ ಅದು. ಕುಣಿಯಬೇಕಿತ್ತು. ನಾನು ಕೊಕ್ಕೆಯ ತುದಿಯ ಬಟ್ಟೆಯನ್ನು ಬಿಡಿಸಿ ನೋಡುತ್ತಿದ್ದೆ.

ಕೊಕ್ಕೆಗೆ ಸಿಕ್ಕಿ ಬಂದ ಕಣ ಹಸಿರು ಬಣ್ಣದ್ದು, ಹಳದಿ ಅಂಚು. ಸೋದರಮಾವನ ಮಗಳ ಮದುವೆಯಲ್ಲಿ ಅವ್ವನಿಗೆ ಉಡುಗೊರೆ ಬಂದದ್ದು. ನನಗೆ ಹೊಲಿಸಿಕೊಡು ಎಂದು ನಾನು ಎಷ್ಟೋ ಸಲ ಕೇಳಿದ್ದೆ, ಇರಲಿ ಇರಲಿ ಎಂದು ಟ್ರಂಕಿನಲ್ಲಿ ಇಟ್ಟುಕೊಂಡಿದ್ದಳು. ಒಂದು ಮೂಲೆಯಲ್ಲಿ ಇಲಿ ಕಡಿದ ತೂತಿಗೆ ಕೆಂಪು ದಾರದ ಹೊಲಿಗೆ ಹಾಕಿದ್ದಳು. ಆ ಹೊಲಿಗೆಯೂ ಅಲ್ಲೇ ಇತ್ತು. ಗಂಟಿನೊಳಗೆ ಅಕ್ಕಿ ಉಬ್ಬಿ ಹುಳಿ ವಾಸನೆ ಬರುತ್ತಿತ್ತು. ಬಳೆಗಳು ಮಾತ್ರ ಒಂದೂ ಒಡೆದಿರಲಿಲ್ಲ. ಯಾರಾದರೂ ನೋಡಿಯಾರೆಂದು ಅದನ್ನೆಲ್ಲ ಚೀಲಕ್ಕೆ ತುರುಕಿ ಮನೆಗೆ ಬಂದೆ.

ಅಪ್ಪ ಇನ್ನೂ ಬಂದಿರಲಿಲ್ಲ. ಅವ್ವ ಅಂಗಳದಲ್ಲಿ ಶೇಂಗಾ ಸುಲಿಯುತ್ತಿದ್ದಳು. ಚೀಲ ತೆಗೆದು ತೋರಿಸಿದೆ.

"ಇದು ಯಾರದು?"

"ನನಗೇನ ಗೊತ್ತು," ಅಂದಳು. ಕಣ್ಣು ಶೇಂಗಾದ ಮೇಲೇ.

"ಅವ್ವ, ಈ ಹೊಲಿಗಿ ಯಾರದು?"

ಕೈ ನಿಂತಿತು. "ಏನಾತು?" ಅಂದಳು. ಹೇಳಿದೆ. ಸಿಟ್ಟಿನಲ್ಲಿ ಜೋರಾಗಿಯೇ ಹೇಳಿದೆ. ಎಷ್ಟು ಊರಿನ ನೀರು ನಿಂತಿತು, ಒಬ್ಬನ ಕೆಲಸ ಹೋಗುತ್ತಿದೆ, ಬಾವಿಯೊಳಗೆ ಉಡಿ ಬಿಡುವ ಬುದ್ಧಿ ನಿನಗೆ ಯಾರು ಕೊಟ್ಟರು ಎಂದೆ.

"ನಿಮ್ಮ ಕಂಪನ್ಯಾವರ ಅದಕ್ಕ ಹೂವಿನ ಹಾರ ಹಾಕಿ ಕಾಯಿ ಒಡದ್ರಲ್ಲ ಬೇ," ಅಂದಳು. "ಸಾಹೇಬ್ರು ಕೈನೂ ಮುಗದ್ರು. ಗಂಗಮ್ಮನ ಜಾಗಾನ ಕಟ್ಟಿಸ್ಯಾರ ಅಂದ್ಕೊಂಡೆ. ಕೆಳಗ ನೀರೂ ಕಾಣ್ತಿತ್ತು. ನಿನ್ನ ಮೊದಲನೇ ಕೆಲಸ, ಚಂದಾಗಿ ನಡೀಲಿ ಅಂತ ಬೇಡ್ಕೊಂಡು ಬಿಟ್ಟೆ."

ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯದು. "ಮೆಟ್ಲದಾಗ ಬಿಡಬೇಕಿಲ್ಲೇನು ಎಲ್ಲರಂಗ?" ಅಂದೆ. ಅಂದ ಕೂಡಲೇ ಉತ್ತರ ನನಗೇ ಹೊಳೆಯಿತು. ಅವ್ವ ಮತ್ತೆ ಶೇಂಗಾ ಸುಲಿಯತೊಡಗಿದಳು. ಎಲ್ಲರೂ ಹೋದ ಮೇಲೆ ಬಾವಿಯ ಹತ್ತಿರ ಹೋಗಿರಬೇಕು.

ಅಪ್ಪ ಬರುವ ಹೊತ್ತಾಯಿತೆಂದು ಅವ್ವ ಕಣವನ್ನು ತೊಳೆದು ಹಿಂಡಿ ನನ್ನ ಚೀಲಕ್ಕೇ ಹಾಕಿದಳು. "ಹೇಳಬೇಕಾದ್ರ ಹೇಳು. ಅವನ ಮನಿ ಹಾಳಾಗೋದು ಬ್ಯಾಡ," ಅಂದಳು. ಸ್ವಲ್ಪ ತಡೆದು, "ನಿಮ್ಮಪ್ಪನ ಕಿವಿಗಿ ಬೀಳದಂಗ ನೋಡ್ಕೋ," ಎಂದಳು. ಎರಡೂ ಒಟ್ಟಿಗೆ ಆಗುವ ಮಾತಲ್ಲ. ದೋರನಹಳ್ಳಿಯಲ್ಲಿ ಬೆಳಿಗ್ಗೆ ಆಡಿದ ಮಾತು ಸಂಜೆಯ ಬಸ್ಸಿಗೆ ಮೊದಲೇ ಯಾದಗಿರಿ ಮುಟ್ಟುತ್ತದೆ. ಅವಳಿಗೂ ಅದು ಗೊತ್ತಿತ್ತು.

ಮರುದಿನ ಗೇಟಿನ ಬಳಿ ಜನ ಸೇರಿದರು. ಕೆಳಗಿನ ಊರುಗಳಿಗೆ ನೀರು ಮುಟ್ಟಿತ್ತು. ಅದರಿಂದ ಗೇಟಿನವನಿಗೆ ಒಳ್ಳೆಯದಾಗಲಿಲ್ಲ, ಕೇಡೇ ಆಯಿತು. "ನೋಡ್ರಿ, ಇವನ್ನ ಕಳಿಸಿದ ತಾಸಿನಾಗ ಗೇಟ ಎದ್ದದ. ಇನ್ನೇನ ಸಾಕ್ಷಿ ಬೇಕು?" ಎಂದು ಎಲ್ಲರೂ ಅದನ್ನೇ ಹೇಳುತ್ತಿದ್ದರು. ಅವನು ತನ್ನ ಹೆಂಡತಿಯ ಜೊತೆ ಬಂದು ಬೇವಿನ ಗಿಡದ ಕೆಳಗೆ ನಿಂತಿದ್ದ. ಬಾಯಲ್ಲಿ ಎಲೆ ಅಡಿಕೆ ಇರಲಿಲ್ಲ.

ಯಜಮಾನರನ್ನು ಪಕ್ಕಕ್ಕೆ ಕರೆದು ಬುರುಡೆ ಸಿಕ್ಕಿಕೊಂಡಿದ್ದನ್ನು ಹೇಳಿದೆ. ಉಡಿಯ ಮಾತೂ ಹೇಳಿದೆ, ಯಾರದೆಂದು ಹೇಳಲಿಲ್ಲ.

"ಕಚರಾ ಸಿಕ್ಕಿತ್ತು ಅಂತ ಹೇಳಿಬಿಡು," ಅಂದರು. "ಪೂಜೆ ಗೀಜೆ ಅಂದ್ರೆ ದೊಡ್ಡದಾಗತ್ತೆ. ಮುಚ್ಚಳ ಎಲ್ಲಿ ಅಂತ ಕೇಳ್ತಾರೆ. ನಿನ್ನದು ಇನ್ನೂ ಹೊಸ ನೌಕರಿ, ಅರ್ಥ ಮಾಡಿಕೋ."

ಕಸ ತೆಗೆಯುವ ಕೆಲಸ ಗೇಟಿನವನದು. ಕಚರಾ ಎಂದರೆ ರೊಕ್ಕ ತಿಂದ ಆರೋಪ ಹೋಗಿ ಕೆಲಸಗಳ್ಳ ಎಂಬ ಆರೋಪ ಬರುತ್ತದೆ, ಮನೆಗೆ ಹೋಗುವುದಂತೂ ತಪ್ಪುವುದಿಲ್ಲ. ನೀರು ಬಿಡುವ ಹಿಂದಿನ ದಿನ ಅವನು ಬೈದುಕೊಳ್ಳುತ್ತಲೇ ಆ ಬಾವಿಗಿಳಿದು ತಳ ಬಳಿದದ್ದನ್ನು ನಾನೇ ಪಕ್ಕದಲ್ಲಿ ನಿಂತು ನೋಡಿದ್ದೆ. ಓಣಿ ಕೇಳಿದವನಿಗಾಗಿ ಅವ್ವನನ್ನು ಎಲ್ಲರ ಮುಂದೆ ಎಳೆಯಬೇಕೇ ಎಂದು ಒಳಗೇ ಉರಿಯಿತು. ಅವನು ಹೇಗಾದರೂ ಇರಲಿ, ಮಾಡದ ತಪ್ಪಿಗೆ ಹೋಗುತ್ತಿದ್ದ. ಸಾಹೇಬರು ಬಾಯಿ ತೆರೆಯುವ ಮೊದಲು ನಾನು ಮುಂದೆ ಹೋಗಿ ಚೀಲದಿಂದ ಕಣ, ಕಾಯಿ, ಬಳೆ ತೆಗೆದು ಸಿಮೆಂಟು ಉಂಗುರದ ಮೇಲೆ ಇಟ್ಟೆ.

"ಸರ್, ಇದು ಈ ಬಾವ್ಯಾಗ ಸಿಕ್ಕದ. ಫ್ಲೋಟ್ ಇದಕ್ಕ ಸಿಕ್ಕೊಂಡು ನಿಂತಿತ್ತು, ಅದಕ್ಕ ಗೇಟ್ ತಾನ ಇಳದದ. ನಾ ಇದನ್ನ ತಗದ ಮ್ಯಾಲ ಗೇಟ್ ತಾನ ಎದ್ದದ. ಇವರು ಗಾಲಿ ಮುಟ್ಟಿಲ್ರಿ. ಬಾವಿನೂ ಸ್ವಚ್ಛ ಮಾಡಿದ್ರು, ನಾ ನೋಡೀನಿ. ಇದು ಆಮ್ಯಾಲ ಬಿದ್ದದ್ದು. ಮುಚ್ಚಳ ಇರಲಿಲ್ರಿ."

ಯಜಮಾನರು ಕಣ್ಣು ಮುಚ್ಚಿಕೊಂಡರು. ಜನ ಮುಂದೆ ನುಗ್ಗಿ ನೋಡಿದರು.

"ಉಡಿ!" ಎಂದ ಒಬ್ಬ. "ಇವನ ಹೇಣ್ತಿದ ಕೆಲಸನ ಇದು. ದಿನಾ ಇಲ್ಲೇ ಇರ್ತಾಳ. ಬ್ಯಾರೆ ಯಾರ ಬರ್ತಾರ ಇಲ್ಲಿಗಿ?"

ಬೇವಿನ ಗಿಡದ ಕೆಳಗಿದ್ದ ಹೆಂಗಸು ಸೆರಗು ಬಾಯಿಗೆ ಹಿಡಿದು ಅಳತೊಡಗಿದಳು.

"ಆಕಿದಲ್ರಿ," ಅಂದೆ. "ನಮ್ಮವ್ವ ಬಿಟ್ಟಾಳ."

ಯಾರ ಮಗಳೆಂದು ಹಿಂದೆ ಯಾರೋ ಕೇಳಿದರು, ಇನ್ನಾರೋ ಮೆಲ್ಲಗೆ ನಮ್ಮ ಓಣಿಯ ಹೆಸರು ಹೇಳಿದರು. ಆ ಪಿಸುಮಾತು ಗುಂಪಿನ ಈ ತುದಿಯಿಂದ ಆ ತುದಿಗೆ ಹೋದದ್ದು ನನಗೆ ಕೇಳಿಸಿತು. ಮುಂದೆ ನಿಂತಿದ್ದ ಹಿರಿಯ ರೈತರೊಬ್ಬರು ಕೆಟ್ಟ ದನಿಯಲ್ಲೇನೂ ಕೇಳಲಿಲ್ಲ, ಸಮಾಧಾನದಿಂದಲೇ ಕೇಳಿದರು.

"ಉಡಿ ತುಂಬಿದ್ದು ತಪ್ಪಲ್ಲ ಬಿಡವ್ವ. ಆದ್ರ ಈ ತೂತಿನ್ಯಾಗ ಯಾಕ ಬಿಡಬೇಕಿತ್ತು? ಇಷ್ಟುದ್ದ ಮೆಟ್ಲ ಅವ. ಊರ ಹೆಣ್ಮಕ್ಕಳು ಎಲ್ಲಾರೂ ಅಲ್ಲೇ ಬಿಟ್ಟಾರ."

"ಮೆಟ್ಲ ಮ್ಯಾಲ ನಮ್ಮವ್ವಗ ಜಾಗಾ ಇರಲಿಲ್ರಿ," ಅಂದೆ.

ಅಷ್ಟೇ ಅಂದದ್ದು. ದನಿ ಏರಿಸಿರಲಿಲ್ಲ. ಹಿರಿಯರು ನೆಲ ನೋಡಿದರು. ಒಬ್ಬ ಮೂಗು ಮುರಿದು ಮುಖ ತಿರುಗಿಸಿದ, ಇನ್ನಿಬ್ಬರು ಬೈಕು ಹತ್ತಿ ಹೊರಟರು. ಸಾಹೇಬರು, "ಆಯ್ತು, ಆಯ್ತು. ಮಷೀನಿನ ತಪ್ಪದು. ಇಂವ ಇಲ್ಲೇ ಇರ್ಲಿ. ನೀವು ಮೊದಲು ಮುಚ್ಚಳ ತರಿಸ್ರಿ," ಎಂದು ಯಜಮಾನರಿಗೆ ಹೇಳಿ ಜೀಪು ಹತ್ತಿದರು. ಗೇಟಿನವನು ನನ್ನ ಬಳಿ ಬಂದ. ಏನೋ ಒಳ್ಳೆಯ ಮಾತು ಆಡುತ್ತಾನೆಂದುಕೊಂಡೆ. ಉಂಗುರದ ಮೇಲಿದ್ದ ಉಡಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಇದನ್ನ ಇಲ್ಲಿಂದ ತಗೀರಿ ಬಾಯಾರ, ಗಾಳಿಗಿ ಮತ್ತ ಒಳಗ ಬಿದ್ದೀತು," ಅಂದ. ಕೋಣೆಯ ಬಾಗಿಲು ತೆಗೆದು ಪೊರಕೆ ಹಿಡಿದ. ಇಂಥವನಿಗಾಗಿಯೇ ಇಷ್ಟೆಲ್ಲ ಎಂದು ಬೇಸರವಾಯಿತು. ಅವನ ಹೆಂಡತಿ ಮಾತ್ರ ದಾರಿಯವರೆಗೂ ನನ್ನ ಹಿಂದೆ ಬಂದು, ಅಲ್ಲಿಂದ ತಿರುಗಿ ಹೋದಳು.

ನನ್ನ ಗಮನವೆಲ್ಲ ಅಪ್ಪ ಬರುವ ಸಂಜೆಯ ಬಸ್ಸಿನ ಮೇಲಿತ್ತು. ಅವ್ವನಿಗೆ ಎಲ್ಲ ಹೇಳಿದ್ದೆ. ಅವಳು ಹೂಂ ಅಂದು ಒಲೆ ಹಚ್ಚಿದ್ದಳು. ಮತ್ತೆ ಸುರಪುರದ ಮಾವನಿಗೆ ಫೋನು ಮಾಡಬೇಕಾದೀತೆಂದು ನಾನು ಲೆಕ್ಕ ಹಾಕುತ್ತಿದ್ದೆ.

ಅಪ್ಪ ಬಂದ. ಚಪ್ಪಲಿ ಬಿಟ್ಟ ರೀತಿಯಲ್ಲೇ ಗೊತ್ತಾಯಿತು, ಬಸ್ಸಿನಲ್ಲಿ ಯಾರೋ ಹೇಳಿದ್ದಾರೆ. ಕೈಕಾಲು ತೊಳೆದು, ಬುದ್ಧನ ಪಟದ ಕೆಳಗೆ ಗೋಡೆಗೆ ಒರಗಿ ಕುಳಿತ. ಅವ್ವ ತಟ್ಟೆ ತಂದಿಟ್ಟಳು. ಅವನು ಮುಟ್ಟಲಿಲ್ಲ. ಇವತ್ತು ಕಥೆ ಮುಗಿಯಿತು ಎಂದುಕೊಂಡೆ.

"ನೀರ ಬಿಟ್ಟ ದಿನ ನೀ ಎಲ್ಲಿ ನಿಂತಿದ್ದಿ?" ಅಂದ.

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಹಿಂದ ನಿಂತಿದ್ದೆ."

"ಹಿಂದ ಅಂದ್ರ?"

"ಗಿಡದ ಬುಡಕ."

"ಯಾಕ? ಅದು ಸರ್ಕಾರದ ಕಾಲುವಿ. ಮೆಟ್ಲ ಯಾರಪ್ಪಂದು?" ಅಂದ. ಅವನು ದೇವರ ಮಾತನ್ನೇ ಎತ್ತಲಿಲ್ಲ. ಕದ್ದು ಪೂಜೆ ಮಾಡಿದ್ದು ಅವನ ಲಕ್ಷ್ಯಕ್ಕೇ ಬಂದಂತಿರಲಿಲ್ಲ.

"ಮುಂದ ಹೋದ್ರ ಯಾರರ ಏನರ ಅಂತಿದ್ರು," ಅಂದಳು ಅವ್ವ. "ಆಕಿ ಟೋಪಿ ಹಾಕ್ಕೊಂಡು ಸಾಹೇಬ್ರ ಬಾಜೂಕ ನಿಂತಿದ್ದಳು. ಎಲ್ಲಾರೂ ಆಕಿನ್ನ ನೋಡಾಕತ್ತಿದ್ರು. ಆಕಿ ಕಣ್ಣ ಮುಂದ ನಾ ಅನಿಸ್ಕೊಳ್ಳೋದು ಬ್ಯಾಡ ಅನಿಸ್ತು."

ಅಪ್ಪ ಮುಟ್ಟದೆ ಬಿಟ್ಟ ತಟ್ಟೆಯನ್ನು ಹತ್ತಿರ ಎಳೆದುಕೊಂಡ.

"ಬರೋ ವರ್ಷ ನೀರ ಬಿಡೋ ದಿನ ನಾ ರಜಾ ಹಾಕ್ತೇನಿ," ಅಂದ.

"ನೀ ಯಾಕ?" ಅಂದಳು ಅವ್ವ.

"ಮೆಟ್ಲ ಮ್ಯಾಲ ನಿನ್ನ ಬಾಜೂಕ ನಿಂದ್ರಾಕ. ಪೂಜಾ ನೀ ಮಾಡ್ಕೋ."

ಅವ್ವ ಹಂಚಿನ ಮೇಲಿನ ರೊಟ್ಟಿ ಸುಟ್ಟು ಮನೆ ತುಂಬ ಹೊಗೆಯಾಗುವವರೆಗೂ ಅದನ್ನು ತಿರುವಿ ಹಾಕದೆ ಹಾಗೇ ಕುಳಿತಿದ್ದಳು.